ಹಳೆಯ ಆಟದ ಡ್ಯಾಟ್ ಫೈಲಿನಿಂದ ಮಾತು, ಸಂಗೀತಗಳನ್ನು ಹೊರತೆಗೆಯುವುದು ಹೇಗೆ?

ಪ್ರಶ್ನೆ

ತೊಂಬತ್ತರ ದಶಕದಲ್ಲಿ ಸಿಡಿಯಲ್ಲಿ ಬಂದ, ಈಗ ಹೆಚ್ಚಿನವರಿಗೆ ನೆನಪೂ ಇಲ್ಲದ ಒಂದು ಸಾಹಸದ ಆಟ ನನ್ನ ಬಳಿ ಇದೆ. ಅದರ ಪಾತ್ರಗಳ ದನಿಗಳು ನನಗೆ ಬಹಳ ಪ್ರಿಯವಾದವು. ಸಿಡಿ ಹಾಳಾಗುವ ಮೊದಲೇ ಅವನ್ನು ಉಳಿಸಿಕೊಳ್ಳಬೇಕೆಂದಿದ್ದೇನೆ. ಮಾತುಗಳೆಲ್ಲ 24 ಎಂಬಿಯ ಒಂದೇ ಡ್ಯಾಟ್ ಫೈಲಿನಲ್ಲಿ (ಆಟದ ದತ್ತಾಂಶವನ್ನು ಒಟ್ಟುಗೂಡಿಸಿಟ್ಟ ಫೈಲು) ಇರುವಂತೆ ಕಾಣುತ್ತದೆ. ಹೆಸರಿನ ಕೊನೆಯನ್ನು ವೇವ್ (ಒಂದು ಸಾಮಾನ್ಯ ಧ್ವನಿ ಫೈಲಿನ ರೂಪ) ಎಂದು ಬದಲಿಸಿದರೆ ಫೈಲ್ ತೆರೆಯುವುದೇ ಇಲ್ಲ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಕಚ್ಚಾ ದತ್ತಾಂಶವಾಗಿ, ಸೈನ್ಡ್ 8 ಬಿಟ್ (ಧನ, ಋಣ ಎರಡೂ ಸಂಖ್ಯೆಗಳಿರುವ ರೂಪ) ಎಂದು ಆರಿಸಿ ತೆರೆದಾಗ ಕಿವಿಗಡಚಿಕ್ಕುವ ಗರಗರ ಸದ್ದಿನ ಹಿಂದೆ ಯಾರೋ ಮಾತನಾಡುತ್ತಿರುವುದು ಕೇಳಿಸುತ್ತದೆ. ಸಂಗೀತವಂತೂ ನಾನು ಮಾಡಿಕೊಂಡಿರುವ ಐಎಸ್‌ಒ ಪ್ರತಿಯಲ್ಲಿ (ಸಿಡಿಯನ್ನು ಒಂದೇ ಫೈಲಾಗಿ ಇಳಿಸಿಕೊಂಡ ಪ್ರತಿ) ಎಲ್ಲಿಯೂ ಸಿಗುತ್ತಿಲ್ಲ. ಮುಂದೆ ಏನು ಮಾಡಬೇಕು?

ಮೊದಲ ಉತ್ತರ

ಹೊಸ ತಂತ್ರಾಂಶವನ್ನು ಹುಡುಕುವ ಮೊದಲು ಫೈಲನ್ನು ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಬೈಟುಗಳನ್ನು ಹದಿನಾರರ ಮೂಲದ ಅಂಕಿಗಳಲ್ಲಿ ತೋರಿಸುವ ತಂತ್ರಾಂಶ) ತೆರೆದು ಕಣ್ಣಾರೆ ನೋಡಿ. ಇಂಥ ಅಪರಿಚಿತ ಆಟಗಳಿಗೆ ಸಿದ್ಧ ಸಾಧನ ಸಿಗುವುದು ಅಪರೂಪ. ಆದರೆ ಒಳಗಿನ ರಚನೆ ಸಾಮಾನ್ಯವಾಗಿ ಸರಳವಾಗಿಯೇ ಇರುತ್ತದೆ. ಆರ್, ಐ, ಎಫ್, ಎಫ್ ಎಂಬ ನಾಲ್ಕು ಅಕ್ಷರಗಳು ಅಲ್ಲಲ್ಲಿ ಕಂಡರೆ ಒಳಗಿರುವುದು ವೇವ್ ಫೈಲುಗಳೇ. ಅಕ್ಷರಗಳ ಮುಂದಿನ ನಾಲ್ಕು ಬೈಟುಗಳ ಸಂಖ್ಯೆಗೆ 8 ಕೂಡಿಸಿದರೆ ಆ ತುಣುಕಿನ ಪೂರ್ಣ ಗಾತ್ರ ಸಿಗುತ್ತದೆ. ಅವು ಕಾಣದಿದ್ದರೆ ಫೈಲಿನ ಮೊದಲ ಹದಿನಾರು ಬೈಟುಗಳನ್ನು ಇಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದವರು

ಆ ಅಕ್ಷರಗಳು ಎಲ್ಲಿಯೂ ಇಲ್ಲ. ಆರಂಭದಲ್ಲಿ ಡಿ6 00 00 00 ಇದೆ, ಬಳಿಕ 5ಸಿ 03 00 00 ಇದೆ. ಅಲ್ಲಿಂದ ಮುಂದೆ ನಾಲ್ಕು ನಾಲ್ಕು ಬೈಟುಗಳ ಸಂಖ್ಯೆಗಳು ಏರುತ್ತಾ ಹೋಗುತ್ತವೆ.

ಮೊದಲ ಉತ್ತರ ಬರೆದವರು

ಹಾಗಾದರೆ ಅದು ಸೂಚಿಯೇ ಸರಿ, ಅಂದರೆ ಯಾವ ಮಾತು ಫೈಲಿನಲ್ಲಿ ಎಲ್ಲಿ ಶುರುವಾಗುತ್ತದೆ ಎಂಬ ಪಟ್ಟಿ. ಈ ಸಂಖ್ಯೆಗಳಲ್ಲಿ ಚಿಕ್ಕ ಬೈಟು ಮೊದಲು ಬರುತ್ತದೆ. ಆದ್ದರಿಂದ ಡಿ6 ಎಂದರೆ 214, 5ಸಿ 03 ಎಂದರೆ 860. 214 ನಮೂದುಗಳು, ಒಂದೊಂದಕ್ಕೆ ನಾಲ್ಕು ಬೈಟುಗಳಂತೆ 856. ಅದಕ್ಕೆ ಆರಂಭದ ನಾಲ್ಕನ್ನು ಸೇರಿಸಿದರೆ ಸರಿಯಾಗಿ 860. ಅಂದರೆ ಸೂಚಿ ಮುಗಿದ ಜಾಗದಲ್ಲೇ ಮೊದಲ ಮಾತು ಶುರುವಾಗುತ್ತದೆ. ಲೆಕ್ಕ ಇಷ್ಟು ಚೊಕ್ಕವಾಗಿ ಕೂಡಿಬಂದಾಗ ಊಹೆ ತಪ್ಪಿರುವ ಸಂಭವ ತೀರಾ ಕಡಿಮೆ. ಒಂದು ನಮೂದಿನಿಂದ ಮುಂದಿನ ನಮೂದಿನವರೆಗೆ ಇರುವುದು ಒಂದು ಮಾತು. ಕೊನೆಯದು ಫೈಲಿನ ಅಂತ್ಯದವರೆಗೆ.

ಇನ್ನು ಗರಗರ ಸದ್ದಿನ ವಿಚಾರ. ಮಾತಿನ ನಡುವಿನ ಮೌನದಲ್ಲಿ 7ಎಫ್, 80, 81 ಎಂಬ ಬೈಟುಗಳೇ ಸಾಲುಗಟ್ಟಿ ಬರುತ್ತಿದ್ದರೆ ಧ್ವನಿ ಅನ್‌ಸೈನ್ಡ್ 8 ಬಿಟ್ (ಋಣ ಸಂಖ್ಯೆಗಳಿಲ್ಲದ) ರೂಪದಲ್ಲಿದೆ ಎಂದರ್ಥ, ಏಕೆಂದರೆ ಆ ರೂಪದಲ್ಲಿ ಮೌನದ ಬೆಲೆ 128, ಅಂದರೆ ಹೆಕ್ಸ್ 80. ಅದನ್ನೇ ಸೈನ್ಡ್ ಎಂದು ಓದಿದಾಗ ನಡುಗೆರೆಯ ಬಳಿಯ ಸಣ್ಣ ಏರಿಳಿತಗಳೆಲ್ಲ ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಗಿಯುತ್ತವೆ. ನಿಮಗೆ ಕೇಳಿಸಿದ ಕರ್ಕಶ ಸದ್ದು ಅದೇ ಇರಬೇಕು. ಅನ್‌ಸೈನ್ಡ್, ಮೋನೋ, 11025 ಹರ್ಟ್ಸ್ ಎಂದು ಆರಿಸಿ, ಆರಂಭದ ಆಫ್‌ಸೆಟ್ (ಮೊದಲಿಗೆ ಬಿಟ್ಟುಬಿಡಬೇಕಾದ ಬೈಟುಗಳು) 860 ಎಂದು ಕೊಡಿ. ಮಾತು ಎಳೆದಂತೆ, ದಪ್ಪ ದನಿಯಲ್ಲಿ ಬಂದರೆ 22050 ಇಟ್ಟು ನೋಡಿ.

ಎರಡನೆಯ ಉತ್ತರ

ಸಂಗೀತದ ಬಗ್ಗೆ ಒಂದು ಮಾತು. ಆ ಕಾಲದ ಅನೇಕ ಆಟಗಳಲ್ಲಿ ಸಿಡಿಯ ಮೊದಲ ಟ್ರ್ಯಾಕ್ ದತ್ತಾಂಶದ್ದು, ಉಳಿದವು ಸಾಮಾನ್ಯ ಆಡಿಯೋ ಸಿಡಿಯ ಹಾಡುಗಳಂಥವೇ ಆಗಿರುತ್ತಿದ್ದವು. ಐಎಸ್‌ಒ ಪ್ರತಿಯಲ್ಲಿ ಉಳಿಯುವುದು ದತ್ತಾಂಶದ ಟ್ರ್ಯಾಕ್ ಮಾತ್ರ. ಆದ್ದರಿಂದ ಮೂಲ ಸಿಡಿಯಿಂದಲೇ ಬಿನ್ ಮತ್ತು ಕ್ಯೂ ಜೋಡಿಯಾಗಿ (ಎಲ್ಲ ಟ್ರ್ಯಾಕ್‌ಗಳ ದತ್ತಾಂಶದ ಫೈಲು ಮತ್ತು ಆ ಟ್ರ್ಯಾಕ್‌ಗಳ ಪಟ್ಟಿಯ ಫೈಲು) ಮತ್ತೊಮ್ಮೆ ಪ್ರತಿ ಮಾಡಿಕೊಳ್ಳಿ. ಆಡಿಯೋ ಟ್ರ್ಯಾಕಿನಲ್ಲಿ ಸೆಕೆಂಡಿಗೆ 75 ಸೆಕ್ಟರುಗಳು (ಸಿಡಿಯ ದತ್ತಾಂಶದ ಸಮಾನ ತುಣುಕುಗಳು), ಪ್ರತಿ ಸೆಕ್ಟರಿಗೆ 2352 ಬೈಟುಗಳು. ಅಂದರೆ 44100 ಹರ್ಟ್ಸ್, 16 ಬಿಟ್, ಸ್ಟೀರಿಯೋ. ಸಿಡಿಯಲ್ಲಿ ಒಂದೇ ಟ್ರ್ಯಾಕ್ ಇದ್ದರೆ ಅದರ ಫೈಲುಗಳಲ್ಲಿ ಎಂ, ಟಿ, ಎಚ್, ಡಿ ಎಂಬ ಅಕ್ಷರಗಳನ್ನು ಹುಡುಕಿ. ಅವು ಸಿಕ್ಕರೆ ಅದು ಮಿಡಿ ಫೈಲು. ಅದರಲ್ಲಿರುವುದು ಸ್ವರಗಳ ನಿರ್ದೇಶನವೇ ಹೊರತು ಧ್ವನಿಯಲ್ಲ. ಯಾವ ಸೌಂಡ್ ಕಾರ್ಡಿನಲ್ಲಿ ನುಡಿಸುತ್ತೀರಿ ಎಂಬುದರ ಮೇಲೆ ಕೇಳಿಸುವ ಸಂಗೀತವೇ ಬದಲಾಗುತ್ತದೆ.

ಪ್ರಶ್ನೆ ಕೇಳಿದವರು

80ರ ಸಾಲುಗಳು ನೀವು ಹೇಳಿದಂತೆಯೇ ಇದ್ದವು. ಅನ್‌ಸೈನ್ಡ್ ಎಂದು ಆರಿಸಿದ ಕೂಡಲೇ ಹಡಗಿನ ನಾಯಕನ ಮೊದಲ ಮಾತು ಸ್ಪಷ್ಟವಾಗಿ ಕೇಳಿಸಿತು. 11025ರಲ್ಲಿ ದನಿ ಸಹಜವಾಗಿಯೇ ಇದೆ. ಸಿಡಿಯಲ್ಲಿ ಒಂಬತ್ತು ಟ್ರ್ಯಾಕ್‌ಗಳಿವೆ. ಎರಡನೆಯದರ ಪ್ರತಿ ಈಗ ಆಗುತ್ತಿದೆ. ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು.