ಪರ್ತ್‌ನಲ್ಲಿ ನಮ್ಮವರು 136 ಹೊಡೆದರೂ ಟಾರ್ಗೆಟ್ 131 ಯಾಕೆ? ನಮ್ಮ 10 ಓವರ್ ಮ್ಯಾಚಿಗೂ ಡಿಎಲ್‌ಎಸ್ (ಮಳೆ ಬಂದಾಗ ಟಾರ್ಗೆಟ್ ಬದಲಿಸುವ ಡಕ್‌ವರ್ತ್-ಲೂಯಿಸ್-ಸ್ಟರ್ನ್ ಲೆಕ್ಕ) ಹಾಕಬಹುದಾ?

ನಾಪೋಕ್ಲು ಸ್ಕೋರ್‌ಬುಕ್:

2025ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮಳೆ ನಮ್ಮವರ ಬೆನ್ನು ಬಿಡಲಿಲ್ಲ. ಅಕ್ಟೋಬರ್ 19ರ ಪರ್ತ್ ಒನ್‌ಡೇ 26 ಓವರಿಗೆ ಇಳಿಯಿತು, ಭಾರತ 9 ವಿಕೆಟಿಗೆ 136. ಆಸ್ಟ್ರೇಲಿಯಾಕ್ಕೂ ಅದೇ 26 ಓವರ್, ಆದರೆ ಟಾರ್ಗೆಟ್ 131. ಮೊದಲು ಆಡಿದವರ ಓವರ್ ಕಡಿತವಾದರೆ ಟಾರ್ಗೆಟ್ ಏರಬೇಕಲ್ಲವೇ, ಇಳಿದದ್ದು ಹೇಗೆ?

ಕ್ಯಾನ್‌ಬೆರಾ ಟಿ20ಯಲ್ಲಿ ಮಳೆ ಬಂದಾಗ ಭಾರತ 9.4 ಓವರಿಗೆ 1 ವಿಕೆಟ್‌ಗೆ 97 ಆಗಿತ್ತು. ಐದು ಓವರ್ ಆದರೆ ಸಾಕು ಅಂತಾರೆ, ಮತ್ತೆ ಫಲಿತಾಂಶ ಇಲ್ಲ ಅಂದದ್ದು ಯಾಕೆ?

ಕೇಳಲು ಕಾರಣವಿದೆ. ನಮ್ಮ ಕಡೆ ಒಕ್ಕಗಳ (ಕೊಡವ ಮನೆತನಗಳ) ಟೂರ್ನಿ ನಡೆಯುವುದೇ ಏಪ್ರಿಲ್-ಮೇನಲ್ಲಿ. 10 ಓವರ್, 11 ಜನ, ಮ್ಯಾಟ್ ಮೇಲೆ ಆಟ. ಮಧ್ಯಾಹ್ನ ಕಳೆದರೆ ಮಳೆ ಯಾವಾಗ ಬೇಕಾದರೂ ಬರಬಹುದು. ಈಗ ಬರೀ ರನ್‌ರೇಟ್ ನೋಡಿ ತೀರ್ಮಾನ ಮಾಡುತ್ತಾರೆ, ಪ್ರತಿ ಸಲ ಜಗಳ. ಕಂಪ್ಯೂಟರ್ ಇಲ್ಲದೆ, ಮೊಬೈಲಿನ ಕ್ಯಾಲ್ಕುಲೇಟರ್ ಹಿಡಿದು ಡಿಎಲ್‌ಎಸ್ ಹಾಕಲು ಆಗುತ್ತದಾ?

ಮಡಿಕೇರಿ ಅಂಪೈರ್:

ಆಗುತ್ತದೆ ಸರ್. ಮೊದಲು ಪರ್ತ್ ಲೆಕ್ಕ ನೋಡಿ, ನಿಮ್ಮ ಟೂರ್ನಿಗೆ ಬೇಕಾದ್ದೂ ಅದರಲ್ಲೇ ಇದೆ.

ಡಿಎಲ್‌ಎಸ್ ಓವರ್ ಒಂದನ್ನೇ ಎಣಿಸುವುದಿಲ್ಲ. ಉಳಿದ ಓವರ್ ಮತ್ತು ಕೈಯಲ್ಲಿರುವ ವಿಕೆಟ್ ಎರಡನ್ನೂ ಸೇರಿಸಿ ಒಂದು ಬೆಲೆ ಕಟ್ಟುತ್ತದೆ, ಅದಕ್ಕೆ ಸಂಪನ್ಮೂಲ ಅನ್ನುತ್ತಾರೆ. 50 ಓವರ್, 10 ವಿಕೆಟ್ ಅಂದರೆ 100 ಪರ್ಸೆಂಟ್. ಎಲ್ಲರಿಗೂ ಸಿಗುವ ಸ್ಟ್ಯಾಂಡರ್ಡ್ ಎಡಿಷನ್ ಪಟ್ಟಿಯಲ್ಲಿ, ಒಂದೂ ವಿಕೆಟ್ ಬೀಳದೆ 40 ಓವರ್ ಉಳಿದಿದ್ದರೆ 89.3, 30 ಉಳಿದಿದ್ದರೆ 75.1. ಅಂದರೆ ಆ 10 ಓವರ್ ಮಳೆಗೆ ಹೋದರೆ ನಷ್ಟ 14.2. ಅದೇ ನಾಲ್ಕು ವಿಕೆಟ್ ಬಿದ್ದ ಮೇಲೆ 40 ಓವರಿನ ಬೆಲೆ 59.5, 30ರದು 54.1. ನಷ್ಟ ಬರೀ 5.4. ಕೊನೆ ತನಕ ಆಡಲು ಆಳು ಇಲ್ಲದ ತಂಡಕ್ಕೆ ಹೆಚ್ಚುವರಿ ಓವರಿನಿಂದ ಅಷ್ಟು ಲಾಭವಿಲ್ಲ ಅನ್ನುವುದೇ ಇದರ ತಿರುಳು.

ಪರ್ತ್‌ನಲ್ಲಿ ಮೊದಲ ಸಲ ಆಟ ನಿಂತಾಗ ಭಾರತ 8.5 ಓವರಿನಲ್ಲಿ 3 ವಿಕೆಟಿಗೆ 25. ರೋಹಿತ್, ಕೊಹ್ಲಿ, ಗಿಲ್ ಮೂವರೂ ಪೆವಿಲಿಯನ್ ಸೇರಿ ಆಗಿತ್ತು. ಆಮೇಲೆ ಮತ್ತೆ ಮತ್ತೆ ನಿಂತು ಓವರ್ ಕಡಿತವಾದದ್ದೆಲ್ಲ ವಿಕೆಟ್ ಬಿದ್ದ ನಂತರ. ಹೀಗಾಗಿ ಲೆಕ್ಕದಲ್ಲಿ ನಮ್ಮ ನಷ್ಟ ಸಣ್ಣದಾಯಿತು, ನಮ್ಮ ಪಾಲು ಆಸ್ಟ್ರೇಲಿಯಾದ 26 ಓವರ್-10 ವಿಕೆಟಿನ ಪಾಲಿಗಿಂತ ಸುಮಾರು ನಾಲ್ಕು ಪರ್ಸೆಂಟ್ ಜಾಸ್ತಿಯೇ ಉಳಿಯಿತು. ಹೆಚ್ಚು ಸಂಪನ್ಮೂಲದಲ್ಲಿ 136 ಹೊಡೆದಿದ್ದೀರಿ, ಕಮ್ಮಿ ಇರುವವರಿಗೆ 131 ಸಾಕು ಅಂತ. ಅವರು 21.1 ಓವರಿನಲ್ಲಿ 3 ವಿಕೆಟಿಗೆ ಮುಗಿಸಿದರು.

ಟಾರ್ಗೆಟ್ ಏರುವ ಉದಾಹರಣೆಯೂ ಅದೇ ದೇಶದ್ದು. 2018ರ ನವೆಂಬರ್ 21, ಬ್ರಿಸ್ಬೇನ್ ಟಿ20. ಆಸ್ಟ್ರೇಲಿಯಾ 16.1 ಓವರಿಗೆ 3 ವಿಕೆಟಿಗೆ 153 ಇದ್ದಾಗ ಮಳೆ, ಪಂದ್ಯ 17 ಓವರಿಗೆ ಇಳಿದು ಅವರು 158ಕ್ಕೆ ನಿಂತರು. ಭಾರತಕ್ಕೆ 17 ಓವರಿಗೆ 174. ಕೈಯಲ್ಲಿ ವಿಕೆಟ್ ಇಟ್ಟುಕೊಂಡು ಹೊಡೆಯಲು ಶುರು ಮಾಡಿದವರ ಕೊನೆಯ ಓವರ್‌ಗಳೇ ಹೋದವು, ಅದಕ್ಕೆ ಪರಿಹಾರ ಅದು. ನಾವು 169 ಹೊಡೆದೂ 4 ರನ್ನಿಂದ ಸೋತೆವು. ಅನ್ಯಾಯ ಅಂತ ಎಷ್ಟೋ ಜನ ಬೈದರು. ನನ್ನ ಪ್ರಕಾರ ಆ ಲೆಕ್ಕ ಸರಿಯಾಗಿಯೇ ಇತ್ತು.

ಕ್ಯಾನ್‌ಬೆರಾ ವಿಷಯ ಸರಳ. ಐದು ಓವರ್ ಆಡಬೇಕಾದ್ದು ಎರಡನೇ ತಂಡ. ಒನ್‌ಡೇಯಲ್ಲಿ ಅದು 20 ಓವರ್. ಆಸ್ಟ್ರೇಲಿಯಾ ಬ್ಯಾಟ್ ಹಿಡಿಯಲೇ ಇಲ್ಲ. ನವೆಂಬರ್ 8ರಂದು ಬ್ರಿಸ್ಬೇನ್‌ನಲ್ಲಿ ಭಾರತ 4.5 ಓವರಿಗೆ ವಿಕೆಟಿಲ್ಲದೆ 52 ಇದ್ದಾಗ ನಿಂತು ಹೋದದ್ದೂ ಹಾಗೆಯೇ. ಇನ್ನೊಂದು ಬಾಲ್ ಆಗಿದ್ದರೂ ಏನೂ ಬದಲಾಗುತ್ತಿರಲಿಲ್ಲ.

ಪೊನ್ನಂಪೇಟೆ ಲೆಗ್‌ಸ್ಪಿನ್:

ಅಂತಾರಾಷ್ಟ್ರೀಯ ಪಂದ್ಯಕ್ಕೆ ಬಳಸುವುದು ಪ್ರೊಫೆಷನಲ್ ಎಡಿಷನ್, ಕಂಪ್ಯೂಟರಿನಲ್ಲಿ ಮಾತ್ರ. ಪಟ್ಟಿ ಹಿಡಿದು ಪರ್ತ್ ಲೆಕ್ಕ ಹಾಕಿದರೆ ಒಂದೆರಡು ರನ್ ಹೆಚ್ಚುಕಮ್ಮಿ ಬರಬಹುದು, ಗಾಬರಿ ಬೇಡ. ಪಕ್ಕದ ಕೇರಳದ ಎಂಜಿನಿಯರ್ ವಿ. ಜಯದೇವನ್ ಮಾಡಿದ ವಿಜೆಡಿ ಪದ್ಧತಿಯೂ ಇದೆ, ನಮ್ಮ ದೇಶೀ ಪಂದ್ಯಗಳಲ್ಲಿ ಬಳಸಿದ್ದಾರೆ. ಕೈಲೆಕ್ಕಕ್ಕೆ ಡಕ್‌ವರ್ತ್-ಲೂಯಿಸ್ ಪಟ್ಟಿಯೇ ಸುಲಭ.

ನಾಪೋಕ್ಲು ಸ್ಕೋರ್‌ಬುಕ್:

ಪಟ್ಟಿ ಇರುವುದು 50 ಓವರಿಗೆ. 10 ಓವರಿಗೆ ಎಲ್ಲಿಂದ ಶುರು ಮಾಡುವುದು? ಒಂದು ಉದಾಹರಣೆ ಹಾಕಿ ತೋರಿಸಿ ಸರ್.

ಮಡಿಕೇರಿ ಅಂಪೈರ್:

10 ಓವರ್ ಉಳಿದಿರುವ ಸಾಲಿನಿಂದ ಶುರು. ವಿಕೆಟ್ ಬೀಳದಿದ್ದಾಗ ಅಲ್ಲಿ 32.1 ಇದೆ, ಅದೇ ನಿಮ್ಮ ಪೂರ್ತಿ ಬಂಡವಾಳ.

ಮೊದಲ ತಂಡ 10 ಓವರಿಗೆ 98 ಅಂತ ಇಟ್ಟುಕೊಳ್ಳಿ. ಎರಡನೆಯವರು 5 ಓವರ್ ಆಡಿದಾಗ ಮಳೆ, ಮತ್ತೆ ಆಟ ಆಗಲಿಲ್ಲ. 5 ಓವರ್ ಉಳಿದ ಸಾಲಿನಲ್ಲಿ ಒಂದೂ ವಿಕೆಟ್ ಬಿದ್ದಿಲ್ಲವಾದರೆ 17.2, ನಾಲ್ಕು ಬಿದ್ದಿದ್ದರೆ 16.1, ಆರು ಬಿದ್ದಿದ್ದರೆ 14.3. ಬಳಸಿದ್ದೆಷ್ಟು ಅಂತ ಕಳೆಯಿರಿ: 14.9, 16.0, 17.8. ಪ್ರತಿಯೊಂದನ್ನೂ 98ರಿಂದ ಗುಣಿಸಿ 32.1ರಿಂದ ಭಾಗಿಸಿ, ದಶಾಂಶ ಬಿಟ್ಟುಬಿಡಿ. ಸಮಬಲದ ಸ್ಕೋರ್ (ಅಷ್ಟೇ ಆದರೆ ಪಂದ್ಯ ಟೈ) ಕ್ರಮವಾಗಿ 45, 48, 54.

ರನ್‌ರೇಟ್ ಪ್ರಕಾರ ಮೂವರಿಗೂ 49 ಒಂದೇ. ವಿಕೆಟಿಲ್ಲದೆ 47 ಹೊಡೆದವರು ರನ್‌ರೇಟಿನಲ್ಲಿ ಸೋಲುತ್ತಾರೆ, ಡಿಎಲ್‌ಎಸ್‌ನಲ್ಲಿ ಗೆಲ್ಲುತ್ತಾರೆ. ಆರು ವಿಕೆಟ್ ಕಳೆದುಕೊಂಡು 50 ಹೊಡೆದವರು ರನ್‌ರೇಟಿನಲ್ಲಿ ಗೆದ್ದರು, ಇಲ್ಲಿ 4 ರನ್ನಿಂದ ಸೋತರು. ಮೋಡ ಕಟ್ಟಿದ್ದು ಕಂಡು ಕಣ್ಣುಮುಚ್ಚಿ ಬೀಸುವ ಆಟ ಇದರಿಂದ ನಿಲ್ಲುತ್ತದೆ.

ಎರಡನೇ ಇನ್ನಿಂಗ್ಸ್ ಶುರುವಾಗುವ ಮೊದಲೇ ಮಳೆ ಬಂದು ಅವರಿಗೆ 5 ಓವರ್ ಮಾತ್ರ ಸಿಕ್ಕರೆ 98 × 17.2 ÷ 32.1, ಅಂದರೆ 52.5. ಟಾರ್ಗೆಟ್ 53. ಆಟ ನಡುವೆ ನಿಂತು ಮತ್ತೆ ಶುರುವಾದರೆ, ನಿಂತಾಗಿನ ಬೆಲೆಯಿಂದ ಮತ್ತೆ ಶುರುವಾದಾಗಿನ ಬೆಲೆ ಕಳೆದು, ಅಷ್ಟನ್ನು 32.1ರಿಂದ ತೆಗೆಯಿರಿ. ಬಾಲ್ ಬಾಲಿಗೂ ಬೆಲೆ ಕೊಟ್ಟ ಪಟ್ಟಿ ಸಿಗುತ್ತದೆ, ಅದನ್ನೇ ಪ್ರಿಂಟ್ ಹಾಕಿಸಿ.

ತಪ್ಪಾಗುವುದು ಎರಡು ಕಡೆ. ಕೆಲವು ಪಟ್ಟಿಯಲ್ಲಿ ಮೇಲೆ ಬರೆದಿರುವುದು ಬಿದ್ದ ವಿಕೆಟ್, ಕೆಲವದರಲ್ಲಿ ಉಳಿದ ವಿಕೆಟ್. ಅದು ಅದಲುಬದಲಾದರೆ ಇಡೀ ಲೆಕ್ಕ ತಲೆಕೆಳಗು. ಎರಡನೆಯದು, ಸಮಬಲದ ಸ್ಕೋರನ್ನೇ ಗೆಲುವು ಅಂದುಕೊಳ್ಳುವುದು. 2003ರ ವಿಶ್ವಕಪ್ಪಿನಲ್ಲಿ, ಡರ್ಬನ್‌ನಲ್ಲಿ ಶ್ರೀಲಂಕಾ ವಿರುದ್ಧ, ದಕ್ಷಿಣ ಆಫ್ರಿಕಾ 229 ಆದರೆ ಗೆದ್ದೆವು ಅಂದುಕೊಂಡಿತ್ತು. ಬೌಚರ್ ಕೊನೆಯ ಬಾಲನ್ನು ತಡೆದು ಸುಮ್ಮನಾದರು. 229 ಸಮಬಲದ ಸ್ಕೋರ್. ಪಂದ್ಯ ಟೈ, ಆತಿಥೇಯರು ಟೂರ್ನಿಯಿಂದಲೇ ಹೊರಗೆ. ಅದಕ್ಕೇ ಹೇಳುವುದು, ಚೇಸಿಂಗ್ ಶುರುವಾಗುವ ಮೊದಲು ಪ್ರತಿ ಓವರಿನ ಕೊನೆಗೆ 0ರಿಂದ 9 ವಿಕೆಟ್ ತನಕ "ಗೆಲ್ಲಲು ಬೇಕಾದ ಸ್ಕೋರ್" ಅಂತಲೇ ತಲೆಬರಹ ಹಾಕಿ ಒಂದು ಹಾಳೆ ಬರೆದು, ಇಬ್ಬರು ಕ್ಯಾಪ್ಟನ್‌ಗಳ ಸಹಿ ಹಾಕಿಸಿ. ಹಾಳೆಯಲ್ಲಿ ಸಮಬಲಕ್ಕೆ ಒಂದು ಸೇರಿಸಿಯೇ ಬರೆಯಿರಿ.

ಪೊನ್ನಂಪೇಟೆ ಲೆಗ್‌ಸ್ಪಿನ್:

ಎಷ್ಟು ಓವರ್ ಕಡಿತ ಅನ್ನುವುದನ್ನೂ ಮೊದಲೇ ಬರೆದಿಡಿ. ಒನ್‌ಡೇಯಲ್ಲಿ 50 ಓವರಿಗೆ 210 ನಿಮಿಷ, ಓವರಿಗೆ 4.2. ಮೊದಲ ಇನ್ನಿಂಗ್ಸಿನಲ್ಲೇ ಮಳೆ ಬಂದರೆ ಎರಡೂ ತಂಡಕ್ಕೆ ಕಡಿತವಾಗಬೇಕು, ಹಾಗಾಗಿ 8.4 ನಿಮಿಷಕ್ಕೆ ತಲಾ ಒಂದು ಓವರ್ ಹೋಗುತ್ತದೆ. ನಿಮ್ಮ 10 ಓವರಿಗೆ 45 ನಿಮಿಷ ಇಟ್ಟರೆ ಅದು 4.5 ಮತ್ತು 9. ಬೌಲರಿಗೆ ಒಟ್ಟು ಓವರಿನ ಐದನೇ ಒಂದು ಭಾಗ. 7 ಓವರ್ ಆದರೆ ಇಬ್ಬರಿಗೆ 2, ಉಳಿದವರಿಗೆ 1.

ಗೋಣಿಕೊಪ್ಪ ಗ್ರೌಂಡ್ಸ್‌ಮನ್:

ಲೆಕ್ಕ ಎಷ್ಟು ಸರಿ ಇದ್ದರೂ ಮ್ಯಾಟ್ ನೆನೆದರೆ ಆಟ ಇಲ್ಲ. ತೆಂಗಿನ ನಾರಿನ ಮ್ಯಾಟ್ ನೀರು ಕುಡಿದು ಭಾರವಾಗುತ್ತದೆ, ಬಾಲ್ ಜಾರುತ್ತದೆ. ಇನ್ನೂ ಅಪಾಯ ಅಂದರೆ ಕೆಳಗಿನ ಕೆಂಪು ಮಣ್ಣು ಮೆತ್ತಗಾಗಿ ಮೊಳೆ ಸಡಿಲವಾಗುವುದು. ಬೌಲರ್ ಕಾಲೂರುವ ಕಡೆ ಅಂಚು ಎದ್ದರೆ ಎಡವಿ ಬೀಳುತ್ತಾರೆ.

ಹನಿ ಶುರುವಾಗುವ ಮೊದಲೇ, ಗುಡ್ಡದ ಕಡೆ ಕಪ್ಪಾದಾಗಲೇ, ಟಾರ್ಪಲ್ ತರಿಸಿ. ಮೊಳೆ ಕೀಳಬೇಡಿ, ಮ್ಯಾಟಿನ ಮೇಲೆಯೇ ಹೊದಿಸಿ, ಎಲ್ಲ ಬದಿಗೂ ನಾಲ್ಕೈದು ಅಡಿ ಹೆಚ್ಚು ಇರಲಿ. ಕಾಫಿ ಒಣಗಿಸುವ ಟಾರ್ಪಲ್ ಎರಡು ಜೋಡಿಸಿದರೆ ಆಗುತ್ತದೆ, ಆ ಹೊತ್ತಿಗೆ ಕಣದ ಕೆಲಸ ಮುಗಿದಿರುತ್ತದೆ. ಜೋಡಿಸಿದ ಕಡೆ ಒಂದರ ಮೇಲೊಂದು ಎರಡು ಅಡಿ ಬರಬೇಕು, ಇಳಿಜಾರಿನ ಮೇಲಿನ ಟಾರ್ಪಲ್ ಮೇಲುಗಡೆ. ಅಂಚಿಗೆ ಕಲ್ಲು ಬೇಡ, ತೆಗೆಯುವಾಗ ಮೈದಾನದಲ್ಲೇ ಒಂದೆರಡು ಉಳಿದು ಬಿಡುತ್ತವೆ. ಮರಳು ತುಂಬಿದ ಚೀಲ ಇಡಿ. ಮಳೆ ನಿಂತ ಮೇಲೆ ಟಾರ್ಪಲನ್ನು ಎಳೆಯಬೇಡಿ. ನಾಲ್ಕು ಮೂಲೆ ಎತ್ತಿ ನೀರನ್ನು ಇಳಿಜಾರಿನ ಕಡೆಗೆ ಚೆಲ್ಲಿ, ಆಮೇಲೆ ಮಡಚಿ. ಮತ್ತೆ ಆಟ ಶುರು ಮಾಡುವ ಮೊದಲು ಅಂಪೈರ್ ಒಂದೊಂದೇ ಮೊಳೆಯನ್ನು ಕಾಲಿನಿಂದ ಒತ್ತಿ ನೋಡಲಿ. ಅಲುಗಾಡಿದ ಮೊಳೆಯನ್ನು ಅದೇ ತೂತಿಗೆ ಹೊಡೆದರೆ ನಿಲ್ಲುವುದಿಲ್ಲ, ಪಕ್ಕದಲ್ಲಿ ಗಟ್ಟಿ ಮಣ್ಣು ನೋಡಿ ಹೊಡೆಯಬೇಕು.