ಹೊಸ ಜಾಲತಾಣ ಮಾಡಿದ ಮೇಲೆ ಗೂಗಲ್‌ನಲ್ಲಿ ನಮ್ಮ ಅಂಗಡಿ ಕಾಣಿಸುತ್ತಿಲ್ಲ (ಹಪ್ಪಳ, ಪುನರ್ಪುಳಿ ವ್ಯಾಪಾರ, ಉಡುಪಿ)

ಪುನರ್ಪುಳಿ_ಮನೆ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನಮ್ಮದು ಮನೆಮಂದಿಯೇ ಸೇರಿ ನಡೆಸುವ ಸಣ್ಣ ವ್ಯಾಪಾರ. ಅಮ್ಮ ಮತ್ತು ಅತ್ತಿಗೆ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಹಣ್ಣಿನ ಶರಬತ್ತು ತಯಾರಿಸುತ್ತಾರೆ. ಲೆಕ್ಕಪತ್ರ, ಪಾರ್ಸೆಲ್, ಜಾಲತಾಣ ನನ್ನ ಪಾಲಿಗೆ ಬಂದಿವೆ.

ಹಳೆಯ ಜಾಲತಾಣ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ನಮ್ಮೂರಿನ ತಿನಿಸಿನ ಬಗ್ಗೆ ನಮ್ಮ ಭಾಷೆಯಲ್ಲೇ ಬರೆಯಬೇಕೆಂದು ಹಟ ಹಿಡಿದು, ಏಪ್ರಿಲ್ ಮಧ್ಯದ ಬಿಸು ಹಬ್ಬದ (ತುಳುನಾಡಿನ ಹೊಸ ವರ್ಷ) ಹೊತ್ತಿಗೆ ಒಬ್ಬರಿಂದ ವರ್ಡ್‌ಪ್ರೆಸ್‌ನಲ್ಲಿ (ಜಾಲತಾಣ ಕಟ್ಟುವ ತಂತ್ರಾಂಶ) ಹೊಸದು ಮಾಡಿಸಿದೆ. ನೋಡಲು ಬಹಳ ಚೆನ್ನಾಗಿದೆ. ಆದರೆ ಎರಡು ತಿಂಗಳಿಂದ ಗೂಗಲ್ ಮೂಲಕ ಬರುವ ಬೇಡಿಕೆ ನಿಂತೇ ಹೋಗಿದೆ. ಮೊದಲು ಬೆಂಗಳೂರು, ಮುಂಬೈಗೆ ವಾರಕ್ಕೆ ಎಂಟು ಹತ್ತು ಪಾರ್ಸೆಲ್ ಹೋಗುತ್ತಿದ್ದವು. ಕಳೆದ ವಾರ ಒಂದೂ ಹೋಗಲಿಲ್ಲ.

ನಿನ್ನೆ ಯಾರೋ ಕರೆ ಮಾಡಿ, ತಿಂಗಳಿಗೆ ಹದಿನೈದು ಸಾವಿರ ಕೊಟ್ಟರೆ ಒಂದೇ ತಿಂಗಳಲ್ಲಿ ಮೊದಲ ಸ್ಥಾನಕ್ಕೆ ತರುವುದಾಗಿ ಹೇಳಿದರು. ಕೊಡಬಹುದೇ? ದಯವಿಟ್ಟು ತಿಳಿದವರು ಹೇಳಿ.

ಹಂಪನಕಟ್ಟೆ_ಕೋಡ್

ಆ ದುಡ್ಡು ಕೊಡಬೇಡಿ ಮಾರಾಯರೇ. ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾರರು ಎಂದು ಗೂಗಲ್ಲೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಹಾಗೆ ಹೇಳುವವರು ಹೆಚ್ಚಾಗಿ ದುಡ್ಡು ಕೊಟ್ಟು ಬೇರೆ ಬೇರೆ ಜಾಲತಾಣಗಳಿಂದ ನಿಮ್ಮ ಜಾಲತಾಣಕ್ಕೆ ಲಿಂಕ್‌ಗಳನ್ನು ತಂದು ಸುರಿಯುತ್ತಾರೆ. ಅದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಈಗ ಉಳಿದಿರುವುದೂ ಹೋಗುತ್ತದೆ.

ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗದ ಕೆಳತುದಿಯಲ್ಲಿ, ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಒಂದು ಚೌಕವಿದೆ. ಕೆಲಸ ನಡೆಯುವಾಗ ಗುರುತು ಹಾಕಿ, ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುವವರು ಬಹಳ. ಅದನ್ನು ನೋಡಿ. ಆಮೇಲೆ ಗೂಗಲ್‌ನ ಸರ್ಚ್ ಕನ್ಸೋಲ್ (ಹುಡುಕಾಟದಲ್ಲಿ ನಮ್ಮ ಜಾಲತಾಣದ ಸ್ಥಿತಿ ತೋರಿಸುವ ಸಾಧನ) ತೆರೆದು, ಯಾವ ಪುಟಗಳು ಸೂಚಿಗೆ (ಗೂಗಲ್ ಹುಡುಕುವ ಪುಟಗಳ ಪಟ್ಟಿಗೆ) ಸೇರಿವೆ, ಯಾವುವು ಸೇರಿಲ್ಲ, ಕಾರಣವೇನು ಎಂದು ಇಲ್ಲಿ ಬರೆಯಿರಿ. ಅಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ. ಬಿಸುವಿನ ಹಿಂದಿನ, ಮುಂದಿನ ಎರಡೆರಡು ತಿಂಗಳುಗಳನ್ನು ಹೋಲಿಸಿದರೆ ಯಾವ ಪದಗಳಿಗೆ ಪೆಟ್ಟು ಬಿದ್ದಿದೆ ಎಂಬುದು ತಿಳಿಯುತ್ತದೆ.

ಪುನರ್ಪುಳಿ_ಮನೆ

ಆ ಚೌಕದಲ್ಲಿ ಗುರುತು ಇಲ್ಲ. ಕನ್ಸೋಲ್‌ನಲ್ಲಿ ಎರಡು ಸಂಗತಿ ಕಂಡೆ. ಹಳೆಯ ಜಾಲತಾಣದ 38 ವಿಳಾಸಗಳ ಎದುರು 404 (ಪುಟ ಸಿಗಲಿಲ್ಲ) ಎಂದಿದೆ. ಹೊಸ ಪುಟಗಳು ಸೂಚಿಗೆ ಸೇರಿವೆ, ಆದರೆ ಯಾವ ಕನ್ನಡ ಪದ ಹುಡುಕಿದರೂ ಬರುವುದಿಲ್ಲ. ಅಂಗಡಿಯ ಹೆಸರನ್ನು ಇಂಗ್ಲಿಷ್‌ನಲ್ಲಿ ಹಾಕಿದರೆ ಬರುತ್ತದೆ; ಅದರ ಕೆಳಗಿನ ಎರಡು ಸಾಲಿನ ವಿವರಣೆಯಲ್ಲಿ ಮಾತ್ರ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಅರ್ಧ ಭಾಗದ ಚಿಹ್ನೆ (½), ಟೋಪಿ ಹೊತ್ತ ಇಂಗ್ಲಿಷ್ ಎ (À), ಹೀಗೆ ಏನೇನೋ ಕಲಸಿಕೊಂಡಿದೆ. ಜಾಲತಾಣ ತೆರೆದರೆ ಕನ್ನಡ ಸರಿಯಾಗಿಯೇ ಕಾಣುತ್ತದೆ.

ಹಂಪನಕಟ್ಟೆ_ಕೋಡ್

404 ಒಂದು ದೊಡ್ಡ ಕಾರಣ. ವರ್ಷಗಟ್ಟಲೆ ಗಳಿಸಿದ ಹೆಸರು ಆ ಹಳೆಯ ವಿಳಾಸಗಳ ಮೇಲಿತ್ತು. ಪ್ರತಿ ಹಳೆಯ ವಿಳಾಸದಿಂದ ಅದಕ್ಕೆ ಹೊಂದುವ ಹೊಸ ಪುಟಕ್ಕೆ 301 ಮರುನಿರ್ದೇಶನ (ಹಳೆಯ ವಿಳಾಸ ತೆರೆದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳಿಸುವ ಏರ್ಪಾಡು) ಕೊಡಿ. ಹಪ್ಪಳದ ಪುಟ ಹಪ್ಪಳದ ಪುಟಕ್ಕೇ ಹೋಗಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳಬೇಡಿ. ಕನಿಷ್ಠ ಒಂದು ವರ್ಷ ಅದನ್ನು ಹಾಗೆಯೇ ಬಿಟ್ಟಿರಿ.

ಆ ಕಲಸಿದ ಅಕ್ಷರಗಳ ವಿಷಯ ಮಾತ್ರ ನನಗೆ ಹೊಳೆಯಲಿಲ್ಲ.

ಮಣಿಪಾಲ_ಮಳೆ

ನನಗೆ ಗೊತ್ತಾಯಿತು. ನಿಮ್ಮ ಜಾಲತಾಣದಿಂದ ಒಂದು ಸಾಲು ಕನ್ನಡವನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಯಾರಿಗಾದರೂ ಕಳಿಸಿ. ಅಲ್ಲೂ ಅದೇ ಕಲಸುಮೇಲೋಗರ ಬಂದರೆ, ನಿಮ್ಮ ಬರಹ ಯೂನಿಕೋಡ್‌ನಲ್ಲಿ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಪದ್ಧತಿ) ಇಲ್ಲ, ಹಳೆಯ ಆಸ್ಕಿ ಫಾಂಟ್‌ನಲ್ಲಿದೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಗಳ ಎಷ್ಟೋ ಜಾಲತಾಣಗಳು ಈ ಹಳ್ಳಕ್ಕೆ ಬೀಳುವುದನ್ನು ಕಂಡು ನೊಂದಿದ್ದೇನೆ. ಮುದ್ರಣದ ಕೆಲಸದಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳನ್ನು ಇಂದಿಗೂ ಬಳಸುತ್ತಾರೆ. ಅಲ್ಲಿ ‘ಕ’ ಎಂದು ಕಾಣುವುದು ಕಂಪ್ಯೂಟರಿನ ಪಾಲಿಗೆ ‘ಕ’ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಅಂಗಿ ತೊಡಿಸಿದ್ದಾರೆ, ಅಷ್ಟೇ. ಕಾಗದದ ಮೇಲೆ ಅದರಿಂದ ಏನೂ ತೊಂದರೆ ಇಲ್ಲ. ಗೂಗಲ್ ಓದುವುದು ಅಂಗಿಯೊಳಗಿನ ಅಕ್ಷರಗಳನ್ನು. ಗ್ರಾಹಕ ಮೊಬೈಲಿನಲ್ಲಿ ‘ಹಲಸಿನ ಹಪ್ಪಳ’ ಎಂದು ಯೂನಿಕೋಡ್‌ನಲ್ಲಿ ಟೈಪಿಸುತ್ತಾನೆ. ಆ ಪದ ನಿಮ್ಮ ಇಡೀ ಜಾಲತಾಣದಲ್ಲಿ ಒಂದು ಸಲವೂ ಇಲ್ಲ! ಕಣ್ಣು ಕಾಣದವರು ಬಳಸುವ ಓದುಯಂತ್ರಕ್ಕೂ ಆ ಪುಟದಲ್ಲಿ ಕನ್ನಡ ಸಿಗುವುದಿಲ್ಲ.

ಪುನರ್ಪುಳಿ_ಮನೆ

ನೀವು ಹೇಳಿದ್ದು ಅಕ್ಷರಶಃ ನಿಜ. ಅಕ್ಕನಿಗೆ ಕಳಿಸಿದೆ, ‘ಇದೇನು ಬರೆದಿದ್ದೀ’ ಎಂದು ಕೇಳಿದಳು. ಬಾಟಲಿಯ ಲೇಬಲ್ ಮುದ್ರಿಸಿದವರ ಹತ್ತಿರವಿದ್ದ ಕಡತವನ್ನೇ ನಾನು ಜಾಲತಾಣ ಮಾಡುವವರಿಗೆ ಕೊಟ್ಟಿದ್ದೆ. ಅವರು ಅದನ್ನು ಫಾಂಟ್ ಸಮೇತ ಹಾಗೆಯೇ ಏರಿಸಿದ್ದಾರೆ. ಈಗ 26 ಪುಟ ಮತ್ತೆ ಟೈಪಿಸಬೇಕೇ?

ಮಣಿಪಾಲ_ಮಳೆ

ಬೇಡ, ಹಳೆಯ ಫಾಂಟ್‌ನ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಆದರೆ ಪರಿವರ್ತಿಸಿದ ಮೇಲೆ ಪ್ರತಿ ಪುಟವನ್ನೂ ಕಣ್ಣಲ್ಲಿ ಕಣ್ಣಿಟ್ಟು ಓದಿ. ಹಳೆಯ ಫಾಂಟ್‌ನಲ್ಲಿ ಅರ್ಕಾವೊತ್ತು ಬರುವುದು ಅಕ್ಷರದ ನಂತರ, ಯೂನಿಕೋಡ್‌ನಲ್ಲಿ ಅದು ಮೊದಲು ಬರಬೇಕು. ಕೆಲವು ಪರಿವರ್ತಕಗಳು ಇಲ್ಲಿ ಎಡವುತ್ತವೆ. ನಿಮ್ಮ ಮುಖ್ಯ ಸರಕಿನ ಹೆಸರಲ್ಲೇ ಅರ್ಕಾವೊತ್ತು ಇದೆ, ಗಮನಿಸಿ. ‘ಪುನರ್ಪುಳಿ’ ಹೋಗಿ ‘ಪುನಪುರ್ಳಿ’ ಆದರೆ ಪಟ್ಟ ಕಷ್ಟವೆಲ್ಲ ನೀರುಪಾಲು. ಬಣ್ಣಬಣ್ಣದ ಬ್ಯಾನರ್ ಚಿತ್ರಗಳೊಳಗೆ ಬರೆದಿರುವ ಬೆಲೆ, ವಿವರಗಳನ್ನೂ ಪಠ್ಯವಾಗಿ ಕೆಳಗೆ ಬರೆಯಿರಿ.

ಕಡಲಕೆರೆ

ಒಂದು ಮಾತು ಸೇರಿಸುತ್ತೇನೆ. ಪುನರ್ಪುಳಿ ಎಂಬುದು ನಮ್ಮ ಕಡೆಯ ಹೆಸರು. ಉತ್ತರ ಕನ್ನಡದವರು ಮುರುಗಲು ಎನ್ನುತ್ತಾರೆ, ಮುಂಬೈಯವರು ಕೋಕಂ ಎನ್ನುತ್ತಾರೆ. ಮೂರನ್ನೂ ಆ ಪುಟದ ವಿವರಣೆಯಲ್ಲಿ ಸಹಜವಾಗಿ ತನ್ನಿ: ‘ಶಿರಸಿ ಕಡೆ ಮುರುಗಲು ಎಂದು ಕರೆಯುವ ಇದೇ ಹಣ್ಣು’ ಎಂಬಂತೆ. ಹಳೆಯ ಇಂಗ್ಲಿಷ್ ಪುಟಗಳನ್ನೂ ಮರಳಿ ತನ್ನಿ. ಎರಡು ಭಾಷೆಗೂ ಬೇರೆ ಬೇರೆ ವಿಳಾಸವಿರಲಿ, ಒಂದರಿಂದ ಇನ್ನೊಂದಕ್ಕೆ ಕೊಂಡಿ ಇರಲಿ. ಕೀವರ್ಡ್‌ಗಳ ಮೆಟಾ ಟ್ಯಾಗ್ (ಪುಟದ ಕೋಡ್‌ನಲ್ಲಿ ಅಡಗಿರುವ ಪದಪಟ್ಟಿ) ತುಂಬಿಸುತ್ತ ಕೂರಬೇಡಿ; ಸ್ಥಾನ ಕೊಡುವಾಗ ಅದನ್ನು ನೋಡುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ.

ಅಂಗಡಿಗೆ ಬರುವವರಿಗಾಗಿ ಗೂಗಲ್ ನಕ್ಷೆಯ ಬ್ಯುಸಿನೆಸ್ ಪ್ರೊಫೈಲ್ (ಅಂಗಡಿಯ ವಿವರ ತೋರಿಸುವ ಪುಟ) ಸರಿ ಮಾಡಿ. ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರುವ ಹೆಸರು ಮಾತ್ರ. ‘ಉಡುಪಿಯ ಅತ್ಯುತ್ತಮ ಹಪ್ಪಳ’ ಎಂದೆಲ್ಲ ಸೇರಿಸಿದರೆ ಪ್ರೊಫೈಲನ್ನೇ ತಡೆಹಿಡಿಯುವ ಸಾಧ್ಯತೆ ಇದೆ.

ಪುನರ್ಪುಳಿ_ಮನೆ

ಐದು ವಾರದ ನಂತರ ಬರೆಯುತ್ತಿದ್ದೇನೆ. ಪರಿವರ್ತನೆಯಾದ ಪುಟಗಳನ್ನು ಅತ್ತಿಗೆ ಗಟ್ಟಿಯಾಗಿ ಓದಿದರು, ನಾನು ತಿದ್ದಿದೆ. ನಾಲ್ಕು ರಾತ್ರಿ ಹಿಡಿಯಿತು. ಮಣಿಪಾಲದವರು ಹೇಳಿದಂತೆಯೇ ಅರ್ಕಾವೊತ್ತು ಒಂಬತ್ತು ಕಡೆ ಜಾಗ ತಪ್ಪಿತ್ತು. ಮರುನಿರ್ದೇಶನ ಕೊಟ್ಟು, ಹೊಸ ಸೈಟ್‌ಮ್ಯಾಪ್ (ಜಾಲತಾಣದ ಪುಟಗಳ ಪಟ್ಟಿ) ಗೂಗಲ್‌ಗೆ ಸಲ್ಲಿಸಿದೆ.

ಮೂರನೆಯ ವಾರದಿಂದ ಕನ್ಸೋಲ್‌ನ ಹುಡುಕಾಟದ ಪಟ್ಟಿಯಲ್ಲಿ ಕನ್ನಡ ಪದಗಳು ಬರತೊಡಗಿವೆ. ‘ಪುನರ್ಪುಳಿ ಶರಬತ್ತು’ ಎಂದು ಹುಡುಕಿದರೆ ನಮ್ಮದು ಮೊದಲ ಪುಟದಲ್ಲಿದೆ. ಕಳೆದ ವಾರ ಆರು ಪಾರ್ಸೆಲ್ ಹೋದವು. ಒಂದು ಶಿರಸಿಗೆ, ಅವರು ಹುಡುಕಿದ್ದು ‘ಮುರುಗಲು’ ಎಂದು. ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಲಿ!

ಒಂದೇ ಪ್ರಶ್ನೆ ಉಳಿದಿದೆ. ಮಳೆಗಾಲ ಬಂತು, ಹಲಸಿನ ಹಪ್ಪಳದ ದಾಸ್ತಾನು ಮುಗಿಯಿತು. ಆ ಪುಟ ಅಳಿಸಲೇ?

ಕಡಲಕೆರೆ

ಅಳಿಸಬೇಡಿ. ಅದೇ ವಿಳಾಸದಲ್ಲಿ ‘ಈ ವರ್ಷದ್ದು ಮುಗಿದಿದೆ, ಬೇಸಿಗೆಯಲ್ಲಿ ಮತ್ತೆ ಸಿಗುತ್ತದೆ’ ಎಂದು ಬರೆದು, ಮುಂಗಡ ಹೆಸರು ಕೊಡುವವರಿಗಾಗಿ ಅಂಗಡಿಯ ಫೋನ್ ಸಂಖ್ಯೆ ಹಾಕಿ. ಅಮ್ಮ ಹಪ್ಪಳ ಒಣಗಿಸುವ ಚಾಪೆಯ ಫೋಟೊ ಇದ್ದರೆ ಅದನ್ನೂ ಹಾಕಿ, ಕೆಳಗೆ ಯೂನಿಕೋಡ್‌ನಲ್ಲಿ ಒಂದು ಸಾಲು ಬರೆಯಿರಿ.