ಪಾಸಿಂಗ್ ನೆಟ್‌ವರ್ಕ್ ಚಿತ್ರದಿಂದ ಪಂದ್ಯವನ್ನು ಎಷ್ಟರಮಟ್ಟಿಗೆ ಓದಬಹುದು?

ಪ್ರಶ್ನೆ

2018ರ ಫುಟ್‌ಬಾಲ್ ವಿಶ್ವಕಪ್‌ನ ಸ್ಪೇನ್–ರಷ್ಯಾ ಪ್ರಿ ಕ್ವಾರ್ಟರ್‌ಫೈನಲ್ ಪಂದ್ಯಕ್ಕೆ, ಸ್ಟ್ಯಾಟ್ಸ್‌ಬಾಂಬ್ ಸಂಸ್ಥೆ ಉಚಿತವಾಗಿ ಒದಗಿಸಿರುವ ದತ್ತಾಂಶವನ್ನು ಬಳಸಿ ಪಾಸಿಂಗ್ ನೆಟ್‌ವರ್ಕ್ ಚಿತ್ರಗಳನ್ನು, ಅಂದರೆ ಯಾರು ಯಾರಿಗೆ ಎಷ್ಟು ಪಾಸ್ ಕೊಟ್ಟರೆಂದು ತೋರಿಸುವ ಚಿತ್ರಗಳನ್ನು, ಸಿದ್ಧಪಡಿಸಿದ್ದೇನೆ. ಪ್ರತಿಯೊಬ್ಬ ಆಟಗಾರನಿಗೂ ಒಂದು ವೃತ್ತವಿದೆ. ಅವನು ಪಾಸ್ ಕೊಟ್ಟ ಮತ್ತು ಪಡೆದ ಸ್ಥಳಗಳ ಸರಾಸರಿಯಲ್ಲಿ ಆ ವೃತ್ತವನ್ನು ಇರಿಸಿದ್ದೇನೆ. ಪಾಸುಗಳು ಹೆಚ್ಚಿದಷ್ಟೂ ವೃತ್ತ ದೊಡ್ಡದಾಗುತ್ತದೆ, ಇಬ್ಬರ ನಡುವಣ ಗೆರೆ ದಪ್ಪವಾಗುತ್ತದೆ.

ಸ್ಪೇನ್ ಆ ದಿನ ಸಾವಿರಕ್ಕೂ ಹೆಚ್ಚು ಪಾಸುಗಳನ್ನು ಮಾಡಿತು. ಆದರೂ 120 ನಿಮಿಷಗಳ ಆಟ 1–1ರಲ್ಲಿ ಮುಗಿದು, ಪೆನಾಲ್ಟಿ ಶೂಟೌಟ್‌ನಲ್ಲಿ 3–4ರಿಂದ ಸೋತಿತು. ಚಿತ್ರದಲ್ಲಿ ಡಿಫೆಂಡರ್ ಸೆರ್ಗಿಯೊ ರಾಮೋಸ್ ಮತ್ತು ಮಿಡ್‌ಫೀಲ್ಡರ್ ಇಸ್ಕೊ ಅವರ ವೃತ್ತಗಳು ಎದ್ದು ಕಾಣುತ್ತವೆ, ಹಿಂಬದಿಯ ಗೆರೆಗಳು ದಟ್ಟವಾಗಿವೆ. ರಷ್ಯಾದ ಚಿತ್ರವೋ ಬಹುಪಾಲು ಖಾಲಿ. ಫಲಿತಾಂಶ ಗೊತ್ತಿಲ್ಲದವರು ಇವೆರಡನ್ನು ನೋಡಿದರೆ ಸ್ಪೇನ್ ಸುಲಭವಾಗಿ ಗೆದ್ದಿತೆಂದೇ ಭಾವಿಸುವರು. ನಾನು ಚಿತ್ರ ಬಿಡಿಸಿದ ಕ್ರಮದಲ್ಲಿ ದೋಷವಿದೆಯೇ, ಅಥವಾ ಇಂತಹ ಚಿತ್ರದಿಂದ ನಾನು ಅದು ಹೇಳಲಾರದ್ದನ್ನು ಕೇಳುತ್ತಿದ್ದೇನೆಯೇ?

ಮೊದಲ ಉತ್ತರ

ಎರಡೂ ಸ್ವಲ್ಪ ಸ್ವಲ್ಪ ನಿಜವಿರಬಹುದು; ಚಿತ್ರ ಬಿಡಿಸಿದ ಕ್ರಮವನ್ನು ಮೊದಲು ನೋಡೋಣ.

ನೀವು ಇಡೀ 120 ನಿಮಿಷಗಳ ಪಾಸುಗಳನ್ನು ಒಂದೇ ಚಿತ್ರದಲ್ಲಿ ಸೇರಿಸಿದ್ದರೆ, ಬದಲಿ ಆಟಗಾರರು ಬಂದ ಮೇಲಿನ ತಂಡವೂ ಅದಕ್ಕೆ ಮೊದಲಿನ ತಂಡವೂ ಕಲಸಿಹೋಗಿರುತ್ತವೆ. ಸ್ಪೇನ್‌ನ ಮೊದಲ ಬದಲಾವಣೆ ಆದದ್ದು 67ನೇ ನಿಮಿಷದಲ್ಲಿ, ಡೇವಿಡ್ ಸಿಲ್ವಾ ಅವರ ಜಾಗಕ್ಕೆ ಇನಿಯೆಸ್ಟಾ ಬಂದಾಗ. ಮೊದಲ ಬದಲಾವಣೆಯವರೆಗಿನ ಅವಧಿಯನ್ನು ಮಾತ್ರ ತೆಗೆದುಕೊಳ್ಳುವುದು ರೂಢಿಯಲ್ಲಿರುವ ಕ್ರಮ, ಏಕೆಂದರೆ ಆಗ ಹನ್ನೊಂದು ವೃತ್ತಗಳು ಒಂದೇ ಕಾಲಾವಧಿಯನ್ನು ಪ್ರತಿನಿಧಿಸುತ್ತವೆ. ಇದರ ಜೊತೆಗೆ, ಸ್ಟ್ಯಾಟ್ಸ್‌ಬಾಂಬ್ ದತ್ತಾಂಶದಲ್ಲಿ ಪಾಸಿನ ಫಲಿತಾಂಶದ ಅಂಕಣ ಖಾಲಿಯಿದ್ದರೆ ಆ ಪಾಸ್ ಯಶಸ್ವಿಯಾಯಿತೆಂದು ಅರ್ಥ. ಖಾಲಿ ಸಾಲುಗಳನ್ನು ಕಸವೆಂದು ತೆಗೆದುಹಾಕಿದವರ ಕೈಯಲ್ಲಿ ಉಳಿಯುವುದು ಯಶಸ್ವಿಯಾಗದ ಪಾಸುಗಳು ಮಾತ್ರ.

ಸರಾಸರಿ ಸ್ಥಾನದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅರ್ಧ ಹೊತ್ತು ಎಡ ಅಂಚಿನಲ್ಲಿಯೂ ಉಳಿದರ್ಧ ಬಲ ಅಂಚಿನಲ್ಲಿಯೂ ಆಡಿದ ವಿಂಗರ್‌ನ ವೃತ್ತ ಮೈದಾನದ ನಟ್ಟನಡುವೆ ಬಂದು ಕೂರುತ್ತದೆ, ಅಂದರೆ ಅವನು ಬಹುಶಃ ಕಾಲೇ ಇಡದ ಜಾಗದಲ್ಲಿ. ಇಸ್ಕೊ ಅವರಂತೆ ಚೆಂಡನ್ನು ಹುಡುಕಿಕೊಂಡು ಅಲೆಯುವ ಆಟಗಾರರಿಗೆ ಸರಾಸರಿಯೊಂದನ್ನೇ ನಂಬುವಂತಿಲ್ಲ. ಅವರ ಪಾಸುಗಳ ಆರಂಭದ ಬಿಂದುಗಳನ್ನು ಬೇರೆಯಾಗಿ ಮೈದಾನದ ಮೇಲೆ ಚೆಲ್ಲಿ ನೋಡಿ.

ಇನ್ನು ರಷ್ಯಾದ ಚಿತ್ರ ಖಾಲಿಯಾಗಿ ಕಾಣುತ್ತಿರುವುದಕ್ಕೆ ನೀವು ಇಟ್ಟುಕೊಂಡ ಕನಿಷ್ಠ ಮಿತಿಯೂ ಕಾರಣವಾಗಿರಬಹುದು. ಐದು ಪಾಸುಗಳಿಗಿಂತ ಕಡಿಮೆಯಿದ್ದರೆ ಗೆರೆ ಬೇಡವೆಂಬ ನಿಯಮ ಸಾವಿರ ಪಾಸುಗಳ ತಂಡಕ್ಕೆ ಸಡಿಲವಾಯಿತು, ಚೆಂಡನ್ನು ಬಿಟ್ಟುಕೊಟ್ಟು ಆಡಿದ ತಂಡಕ್ಕೆ ಬಿಗಿಯಾಯಿತು. ತಂಡದ ಒಟ್ಟು ಪಾಸುಗಳಲ್ಲಿ ಇಂತಿಷ್ಟು ಪಾಲು ಎಂದು ಮಿತಿ ಇಟ್ಟರೆ ರಷ್ಯಾದ ಆಟಕ್ಕೂ ಒಂದು ಆಕಾರ ಕಾಣತೊಡಗುತ್ತದೆ. ಆದರೆ ಆಗ ಎರಡು ಚಿತ್ರಗಳ ಗೆರೆಗಳ ದಪ್ಪವನ್ನು ಪರಸ್ಪರ ಹೋಲಿಸುವಂತಿಲ್ಲವೆಂದು ಚಿತ್ರದ ಕೆಳಗೇ ಬರೆದುಬಿಡಿ.

ಎರಡನೆಯ ಉತ್ತರ

ಮೇಲಿನ ಸಲಹೆಗಳೆಲ್ಲವೂ ಸರಿ, ಆದರೆ ಅವನ್ನೆಲ್ಲ ಪಾಲಿಸಿದ ಮೇಲೂ ಸ್ಪೇನ್ ಗೆದ್ದಂತೆಯೇ ಕಾಣುವುದೆಂದು ನನ್ನ ಅನಿಸಿಕೆ. ತೊಡಕಿರುವುದು ಎಣಿಕೆಯಲ್ಲಿ. ಇಬ್ಬರು ಸೆಂಟರ್‌ಬ್ಯಾಕ್‌ಗಳು (ರಕ್ಷಣಾ ಸಾಲಿನ ನಡುವೆ ಆಡುವವರು) ಯಾರ ಒತ್ತಡವೂ ಇಲ್ಲದೆ ಅಡ್ಡಡ್ಡಲಾಗಿ ಚೆಂಡನ್ನು ದಾಟಿಸಿಕೊಂಡದ್ದೂ ಒಂದು ಪಾಸ್, ರಕ್ಷಣಾ ಸಾಲನ್ನು ಸೀಳಿಕೊಂಡು ಪೆನಾಲ್ಟಿ ಆವರಣದೊಳಗೆ ಹೋದದ್ದೂ ಒಂದು ಪಾಸ್. ಗೆರೆಯ ದಪ್ಪವನ್ನು ಎಣಿಕೆ ನಿರ್ಧರಿಸುವವರೆಗೆ, ಸುಲಭವಾದ ಪಾಸುಗಳು ಬೆಲೆಬಾಳುವ ಪಾಸುಗಳನ್ನು ಮುಚ್ಚಿಹಾಕುತ್ತಲೇ ಇರುತ್ತವೆ. ಐವರು ಡಿಫೆಂಡರ್‌ಗಳೊಂದಿಗೆ ಹಿಂದೆ ಸರಿದು ನಿಂತ ರಷ್ಯಾ, ಹಿಂಬದಿಯ ಆ ಪಾಸುಗಳನ್ನು ತಡೆಯಲು ಹೆಚ್ಚೇನೂ ಪ್ರಯತ್ನಿಸಲಿಲ್ಲ. ಆದ್ದರಿಂದ ರಾಮೋಸ್ ಅವರ ದೊಡ್ಡ ವೃತ್ತವನ್ನು ಸ್ಪೇನ್‌ನ ಹಿಡಿತವೆಂದು ಓದಬಹುದಾದಷ್ಟೇ ಸಲೀಸಾಗಿ ರಷ್ಯಾದ ಅನುಮತಿಯೆಂದೂ ಓದಬಹುದು.

ಪ್ರತಿ ಪಾಸಿಗೂ ಅದು ಗೋಲಿನ ಸಾಧ್ಯತೆಯನ್ನು ಎಷ್ಟು ಹೆಚ್ಚಿಸಿತೆಂಬ ಬೆಲೆ ಕಟ್ಟಿ, ಗೆರೆಯ ದಪ್ಪಕ್ಕೆ ಎಣಿಕೆಯನ್ನೂ ಬಣ್ಣಕ್ಕೆ ಆ ಬೆಲೆಯನ್ನೂ ಬಳಸಿ ನೋಡಿ. ಅಷ್ಟು ಕಷ್ಟಪಡಲು ಮನಸ್ಸಿಲ್ಲದಿದ್ದರೆ, ಚೆಂಡನ್ನು ಎದುರಾಳಿಯ ಗೋಲಿನತ್ತ ಕನಿಷ್ಠ ಹತ್ತು ಮೀಟರ್ ಒಯ್ದ ಪಾಸುಗಳನ್ನು ಮಾತ್ರ ಉಳಿಸಿಕೊಂಡು ಇನ್ನೊಂದು ಚಿತ್ರ ಬಿಡಿಸಿ. ಒರಟಾದ ಉಪಾಯವಾದರೂ ಹಿಂಬದಿಯ ದಟ್ಟಣೆ ತಿಳಿಯಾಗುತ್ತದೆ.

ಈ ಕ್ಷೇತ್ರದ ಸಂಶೋಧನೆಯ ಬಗ್ಗೆಯೂ ಒಂದು ಮಾತು. ಪೀಟರ್ ಗೌಲ್ಡ್ ಮತ್ತು ಆಂಥೊನಿ ಗ್ಯಾಟ್ರೆಲ್ ಅವರು 1977ರ ಇಂಗ್ಲೆಂಡ್‌ನ ಎಫ್‌ಎ ಕಪ್ ಫೈನಲ್ ಪಂದ್ಯದ ರಚನೆಯನ್ನು ಹೀಗೆಯೇ ಬಿಡಿಸಿ ನೋಡಿದ್ದರು, ಅಂದರೆ ಈ ಆಲೋಚನೆ ಇಂದು ನಿನ್ನೆಯದಲ್ಲ. 2012ರಲ್ಲಿ ಥಾಮಸ್ ಗ್ರುಂಡ್ ಪ್ರೀಮಿಯರ್ ಲೀಗ್‌ನ 760 ಪಂದ್ಯಗಳ 2,83,259 ಪಾಸುಗಳನ್ನು ಪರಿಶೀಲಿಸಿ, ಪಾಸುಗಳ ವಿನಿಮಯ ಹೆಚ್ಚಿರುವ ತಂಡಗಳು ಹೆಚ್ಚು ಗೋಲು ಗಳಿಸುತ್ತವೆ, ಆಟ ಕೆಲವರ ಸುತ್ತಲೇ ಕೇಂದ್ರೀಕೃತವಾದರೆ ಗಳಿಕೆ ತಗ್ಗುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಆದರೆ ಅದು ಎರಡು ಋತುಗಳ ಒಟ್ಟಾರೆ ಪ್ರವೃತ್ತಿ. ಅದನ್ನು ಹಿಡಿದುಕೊಂಡು ಒಂದೇ ಪಂದ್ಯಕ್ಕೆ ತೀರ್ಪು ಕೊಡಲು ಹೊರಟರೆ, ನಿಮ್ಮಂತೆಯೇ ಗೊಂದಲಕ್ಕೆ ಸಿಲುಕಬೇಕಾಗುತ್ತದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಧನ್ಯವಾದಗಳು. 67ನೇ ನಿಮಿಷದವರೆಗಿನ ಪಾಸುಗಳನ್ನಷ್ಟೇ ಇಟ್ಟುಕೊಂಡು, ಮುಂದಕ್ಕೆ ಸಾಗಿದವುಗಳನ್ನು ಬೇರ್ಪಡಿಸಿ ಮತ್ತೆ ಚಿತ್ರ ಬಿಡಿಸಿದೆ. ಮುಂಚೂಣಿ ಆಟಗಾರ ಡಿಯೆಗೊ ಕೋಸ್ಟಾ ಅವರಿಗೆ ತಲುಪುವ ಗೆರೆಗಳು ತೀರಾ ತೆಳ್ಳಗಿವೆ. ಸ್ಪೇನ್‌ನ ಆಟ ಎಲ್ಲಿ ನಿಂತುಹೋಯಿತೆಂಬುದಕ್ಕೆ ಇದನ್ನೇ ಉತ್ತರವೆಂದು ಎಣಿಸಬಹುದೇ?

ಮೂರನೆಯ ಉತ್ತರ

ಅದನ್ನು ಸುಳಿವೆಂದು ಇಟ್ಟುಕೊಳ್ಳಿ, ಉತ್ತರವೆಂದು ಈಗಲೇ ಬರೆಯಬೇಡಿ. ಮುಂಚೂಣಿ ಆಟಗಾರನಿಗೆ ಪಾಸ್ ತಲುಪದಿರುವುದಕ್ಕೆ, ಕೊಡುವವರು ಪ್ರಯತ್ನಿಸದಿರುವುದು ಒಂದು ಕಾರಣ, ಪ್ರಯತ್ನಿಸಿದ್ದನ್ನು ಎದುರಾಳಿ ತಡೆದದ್ದು ಇನ್ನೊಂದು. ಯಶಸ್ವಿ ಪಾಸುಗಳನ್ನಷ್ಟೇ ತೋರಿಸುವ ಚಿತ್ರದಲ್ಲಿ ಈ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಕೋಸ್ಟಾ ಅವರತ್ತ ಹೊರಟು ತಲುಪದ ಪಾಸುಗಳನ್ನು ಬೇರೆ ಬಣ್ಣದಲ್ಲಿ ಸೇರಿಸಿ. ದತ್ತಾಂಶದಲ್ಲಿ ಅವುಗಳಿಗೆ ಉದ್ದೇಶಿತ ಆಟಗಾರನ ಹೆಸರು ಇಲ್ಲದ ಕಡೆ, ಪಾಸ್ ಎಲ್ಲಿ ಮುಗಿಯಿತೆಂಬುದನ್ನು ನೋಡಿ ಅಂದಾಜಿಸಬೇಕಾಗುತ್ತದೆ.

ಈ ಪಂದ್ಯದ ಎರಡು ಗೋಲುಗಳೂ ನಿಮ್ಮ ಚಿತ್ರದ ಹೊರಗಿವೆ ಎಂಬುದನ್ನು ಗಮನಿಸಿದಿರಾ? 12ನೇ ನಿಮಿಷದ್ದು ಸ್ಪೇನ್‌ನ ಅಸೆನ್ಸಿಯೊ ಅವರ ಫ್ರೀ ಕಿಕ್‌ನಿಂದ ರಷ್ಯಾದ ಇಗ್ನಾಶೆವಿಚ್ ಕಾಲಿಗೆ ತಗುಲಿ ಆದ ಸ್ವಂತ ಗೋಲು. 41ನೇ ನಿಮಿಷದ್ದು ಸ್ಪೇನ್‌ನ ಪಿಕೆ ಕೈಗೆ ಚೆಂಡು ತಾಗಿದ್ದಕ್ಕೆ ದೊರೆತ ಪೆನಾಲ್ಟಿ, ಅದನ್ನು ರಷ್ಯಾದ ಜ್ಯೂಬಾ ಗೋಲಾಗಿಸಿದರು. ಹಾಗಾಗಿ ಫಲಿತಾಂಶವನ್ನು ಪಾಸುಗಳಿಂದ ವಿವರಿಸುವ ಹಂಬಲವನ್ನು ಈ ಪಂದ್ಯದ ಮಟ್ಟಿಗೆ ಕೈಬಿಟ್ಟು, ಸ್ಪೇನ್ ಚೆಂಡನ್ನು ಎಲ್ಲಿಯವರೆಗೆ ಒಯ್ಯಬಲ್ಲದಾಗಿತ್ತು ಎಂಬ ಸಣ್ಣ ಪ್ರಶ್ನೆಗೆ ಚಿತ್ರವನ್ನು ಬಳಸಿಕೊಳ್ಳುವುದು ಒಳ್ಳೆಯದು. ಆ ಪ್ರಶ್ನೆಗೆ 41ನೇ ನಿಮಿಷದ ಹಿಂದಿನ ಮತ್ತು ಮುಂದಿನ ಅವಧಿಗಳಿಗೆ ಎರಡು ಚಿತ್ರ ಬೇಕು, ಏಕೆಂದರೆ ಮುನ್ನಡೆಯಲ್ಲಿರುವ ತಂಡ ಚೆಂಡನ್ನು ಹಿಂದೆ ಇಟ್ಟುಕೊಳ್ಳುವುದಕ್ಕೂ ಸಮಬಲದಲ್ಲಿರುವಾಗ ಹಾಗೆ ಮಾಡುವುದಕ್ಕೂ ಕಾರಣಗಳು ಬೇರೆ. ಚಿತ್ರಗಳನ್ನು ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.